ನವಿಲುಹಸಿರು ಟ್ರೈಲರಿನ ರಿಜಿಸ್ಟ್ರೇಷನ್

ಬೀಗರೂ ಬೀಗತಿಯೂ ಒಂದೇ ಸೂರಿನಡಿ ಆರು ತಿಂಗಳು ಇರುವುದೆಂದರೆ ಹುಡುಗಾಟದ ಮಾತಲ್ಲ. ಮದುವೆಮನೆಯಲ್ಲಿ ಎರಡು ದಿನ ಹಲ್ಲು ಕಿರಿದು, ಉಪಚಾರದ ಮಾತಾಡಿ, ತಾಂಬೂಲ ತೆಗೆದುಕೊಂಡು ಹೊರಟುಬಿಡಬೇಕಾದ ಸಂಬಂಧ ಅದು. ಅದನ್ನು ಅಮೆರಿಕದ ಟೆಕ್ಸಸ್‌ನಲ್ಲಿ, ಅಲೆನ್ ಎಂಬ ಊರಿನ ಒಂದು ಮನೆಯೊಳಗೆ, ಒಂದೇ ಫ್ರಿಜ್ಜು ಒಂದೇ ಟಿ.ವಿ.ಯ ಮುಂದೆ ಕೂಡಿಹಾಕಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಬೆಳಿಗ್ಗೆ ಎದ್ದರೆ ತುಳಸಿಗೆ ಈ ಕಡೆ ಅತ್ತೆ, ಆ ಕಡೆ ಅಪ್ಪ.

ಅತ್ತೆ ರಾಜಲಕ್ಷ್ಮಿ ಮೈಸೂರಿನ ಆರ್‌ಟಿಓ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ಆರು ವರ್ಷವಾಗಿತ್ತು. ಕರೆಂಟು ಬಿಲ್ಲಿನಿಂದ ಹಿಡಿದು ಪಿಜ್ಜಾ ಕೂಪನ್‌ವರೆಗೆ ಮನೆಗೆ ಬಂದ ಯಾವ ಕಾಗದವನ್ನೂ ತೂತು ಹೊಡೆದು ಫೈಲಿಗೆ ಹಾಕದೆ ಬಿಟ್ಟವರಲ್ಲ. ಅಪ್ಪ ವೆಂಕಣ್ಣ ಹುಬ್ಬಳ್ಳಿಯ ಬಸ್ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದವನು. ತುಳಸಿಯ ತಾಯಿ ಕಾಶವ್ವ ಹೋದ ವರ್ಷ ತೀರಿಕೊಂಡ ಮೇಲೆ, ಒಬ್ಬನೇ ಇದ್ದು ಏನು ಮಾಡುತ್ತಾನೆ ಎಂದು ತುಳಸಿಯೇ ಹಟ ಹಿಡಿದು ಜೂನಿನಲ್ಲಿ ಕರೆಸಿಕೊಂಡಿದ್ದಳು. ಅವನಿಗೆ ಕಾಗದ ಕಂಡರಾಗದು. ಅಂಗಡಿಯಿಂದ ಏನೇ ತಂದರೂ ಮೊದಲು ರಸೀದಿಯನ್ನು ಮುದ್ದೆ ಮಾಡಿ ಒಗೆಯುವುದು, ಆಮೇಲೆ ಸಾಮಾನು ನೋಡುವುದು.

ಊಟದ ವಿಷಯದಲ್ಲೂ ಹಾಗೆಯೇ. ಒಬ್ಬರಿಗೆ ಅನ್ನ ಸಾರು ಇಳಿಯಬೇಕು, ಇನ್ನೊಬ್ಬರಿಗೆ ರೊಟ್ಟಿ ಮುರಿಯಬೇಕು.

"ಬೀಗರಿಗೆ ಇನ್ನೊಂಚೂರು ಸಾರು ಹಾಕಮ್ಮ ತುಳಸಿ. ಪಾಪ, ಒಣರೊಟ್ಟಿ ಗಂಟಲಲ್ಲಿ ಸಿಕ್ಕೊಂಡೀತು."

"ಬ್ಯಾಡ್ರೀ ಬೀಗತ್ಯಾರ, ನಿಮ್ಮ ಸಾರು ಭಾಳ ತೆಳುವ ಐತಿ. ಕುಡದ್ರ ನೀರು ಕುಡದಂಗ, ಉಂಡ್ರ ಉಂಡಂಗಲ್ಲ."

ತುಳಸಿಯ ಗಂಡ ದರ್ಶನ್ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಹದಿಮೂರರ ಮಗಳು ದಿಯಾ ಮಾತ್ರ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ತುಳಸಿಗೆ ನಗು ಬರುವ ಕಾಲವಲ್ಲ ಅದು. ಮಾರ್ಚಿನಲ್ಲಿ ಹತ್ತಿರದ ರಿಚರ್ಡ್‌ಸನ್ ಊರಿನ ಟೆಲಿಕಾಂ ಕಂಪನಿಯೊಂದರಲ್ಲಿ ಅವಳ ಹನ್ನೊಂದು ವರ್ಷದ ಕೆಲಸ ಒಂದು ಬೆಳಿಗ್ಗೆ ಹತ್ತು ನಿಮಿಷದ ಕರೆಯಲ್ಲಿ ಮುಗಿದುಹೋಗಿತ್ತು. ಮೂರು ತಿಂಗಳು ಮಂಕು ಹಿಡಿದು ಕೂತಳು. ಜೂನಿನಲ್ಲಿ ಬಂದ ಅಪ್ಪ ಮಗಳ ಮುಖ ನೋಡಿದ. ಗ್ಯಾರೇಜಿನಲ್ಲಿ ಕೂತು ಅಲ್ಯೂಮಿನಿಯಂ ಕೊಳವೆಗಳನ್ನು ಕತ್ತರಿಸಿ, ಕೀಲು ಕೂಡಿಸಿ, ಮಡಚಿ ಇಡಬಹುದಾದ ಒಂದು ಮಂಟಪ ಮಾಡಿಕೊಟ್ಟ. "ಇದಕ್ಕ ಚಂದಾಗಿ ಸೀರಿ ಉಡಸ, ನೋಡೋಣ" ಅಂದ. ತುಳಸಿ ಇಳಕಲ್ಲಿನ ಸೆರಗು, ಮೈಸೂರಿನ ಜರಿ, ಬಾಳೆಕಂದು, ಕಳಶ ಎಲ್ಲ ಜೋಡಿಸಿ ಗೆಳತಿಯ ಮನೆಯ ಸೀಮಂತಕ್ಕೆ ನಿಲ್ಲಿಸಿದಳು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇ ತೆಗೆಸಿಕೊಂಡಿದ್ದು. ಸೆಪ್ಟೆಂಬರ್ ಹೊತ್ತಿಗೆ ಡಾಲಸ್ ಸುತ್ತಮುತ್ತ ಹನ್ನೆರಡು ಕಾರ್ಯಕ್ರಮ ಮಾಡಿ ಮುಗಿಸಿದ್ದಳು. ಆಮೇಲೆ ಬಂತು ದೊಡ್ಡದು: ಹ್ಯೂಸ್ಟನ್‌ನ ಕ್ಲಿಯರ್ ಲೇಕ್‌ನಿಂದ ಭಾನುಮತಿ ಆಂಟಿಯ ಫೋನು. ಮಗಳು ಮಹತಿಯ ಮದುವೆ, ನವೆಂಬರ್ ಎಂಟಕ್ಕೆ. ವರಪೂಜೆಯಿಂದ ಆರತಕ್ಷತೆಯವರೆಗೆ ಎಲ್ಲಾ ಅಲಂಕಾರವೂ ತುಳಸಿಯದೇ ಆಗಬೇಕು.

ಅದೇ ವಾರ ಆಸ್ಟಿನ್‌ನ ಕಂಪನಿಯೊಂದರಿಂದ ಕೆಲಸದ ಪತ್ರವೂ ಬರಬೇಕೆ! ವಾರಕ್ಕೆ ಮೂರು ದಿನ ಆಫೀಸಿನಲ್ಲೇ ಇರಬೇಕು, ಅಂದರೆ ಸೋಮವಾರ ಹೋದವಳು ಬುಧವಾರ ಸಂಜೆ ಮನೆಗೆ. ಉತ್ತರ ಕೊಡಲು ಅಕ್ಟೋಬರ್ ಮೂವತ್ತೊಂದು ಕೊನೆಯ ದಿನ.

"ತಗೋ ತುಳಸಿ," ಅಂದ ದರ್ಶನ್. "ನಮ್ಮ ಟೀಮಲ್ಲೇ ಮೊನ್ನೆ ನಾಲ್ಕು ಜನರನ್ನ ಕಳಿಸಿದ್ರು. ನಾಳೆ ನನ್ನ ಸರದಿ ಬಂದ್ರೆ? ಮಂಟಪ ವೀಕೆಂಡಲ್ಲಿ ಮಾಡ್ಕೋ, ಯಾರು ಬೇಡ ಅಂದ್ರು? ಅದು ಹಾಬಿ, ಇದು ಕೆಲಸ."

"ಬುಧವಾರ ಸುಸ್ತಾಗಿ ಬಂದು, ವೀಕೆಂಡಲ್ಲಿ ಹ್ಯೂಸ್ಟನ್‌ಗೆ ಹೋಗಿ ಮಂಟಪ ನಿಲ್ಲಿಸೋದಾ? ದಿಯಾ ಮುಖ ಯಾವಾಗ ನೋಡ್ಲಿ?"

"ಹಾಗಾದ್ರೆ ಇದು ವ್ಯಾಪಾರ ಅಂತ ತೋರಿಸು. ಪ್ರತಿ ಸಲ ಬಾಡಿಗೆ ಟ್ರಕ್ ತಂದ್ರೆ ಬರೋದೆಲ್ಲ ಅದಕ್ಕೇ ಹೋಗತ್ತೆ. ಕಾರಿನ ಹಿಂದೆ ಕಟ್ಟಿ ಎಳೆಯೋ ನಮ್ದೇ ಟ್ರೈಲರ್ ರೋಡಿಗಿಳೀಲಿ. ಮೂವತ್ತೊಂದನೇ ತಾರೀಕೊಳಗೆ ಇಳಿದ್ರೆ ಆಸ್ಟಿನ್ ಬೇಡ ಅನ್ನು, ನಾನು ತುಟಿ ಪಿಟಕ್ ಅನ್ನಲ್ಲ."

ತುಳಸಿ ಅತ್ತೆಯ ಮುಖ ನೋಡಿದಳು. ಅವರು ಬೀನ್ಸ್ ಸೋಸುತ್ತಿದ್ದರು. "ಬುದ್ಧಿವಂತರಿದ್ದೀರಿ, ನೀವೇ ಯೋಚನೆ ಮಾಡಿ" ಎಂದರು, ಅಷ್ಟೇ. ಮಗನ ಕಡೆಯೇ ಇರುತ್ತಾರೆ, ಇನ್ನೇನು ಎಂದುಕೊಂಡಳು ತುಳಸಿ. ಹದಿನೈದು ವರ್ಷದ ಸಂಸಾರದಲ್ಲಿ ಅತ್ತೆ ಅವಳನ್ನು ಬೈದವರಲ್ಲ, ಹೊಗಳಿದವರೂ ಅಲ್ಲ.

ಟ್ರೈಲರ್ ಬಂತು. ಹಳೆಯದು, ಹನ್ನೆರಡು ಅಡಿ ಉದ್ದದ್ದು, ತುಕ್ಕು ತಿಂದು ಕೆಂಪಾಗಿತ್ತು. ತುಳಸಿಯ ಕೊನೆಯ ಸಂಬಳದಲ್ಲಿ ಕೊಂಡದ್ದು. ಆನ್‌ಲೈನಿನಲ್ಲಿ ಹುಡುಕಿದ್ದು ಮಾತ್ರ ದರ್ಶನ್. ಮಾರಿದ ವೇಡ್ ಎಂಬ ರೈತ ತನ್ನ ಟ್ರಕ್ಕಿಗೆ ಕಟ್ಟಿ ತಂದು, ತನ್ನ ಹಳೆ ನಂಬರ್ ಪ್ಲೇಟ್ ಬಿಚ್ಚಿಕೊಂಡು, ಟೋಪಿ ಎತ್ತಿ ಹೋಗಿಬಿಟ್ಟ.

"ಕಾಗದ ಎಲ್ಲೋ?" ಎಂದರು ರಾಜಲಕ್ಷ್ಮಿ.

"ಸಣ್ಣ ಟ್ರೈಲರಿಗೆ ಟೈಟಲ್, ಅಂದ್ರೆ ಮಾಲೀಕತ್ವದ ಪತ್ರ, ಬೇಡಮ್ಮ ಟೆಕ್ಸಸ್‌ನಲ್ಲಿ. ಕೌಂಟಿ ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡಿಸಿದ್ರೆ ಆಯ್ತು. ನಿಮ್ಮ ಆರ್‌ಟಿಓ ಕಾಲ ಅಲ್ಲ ಇದು."

ರಾಜಲಕ್ಷ್ಮಿ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ವೆಂಕಣ್ಣನಿಗೆ ಮಾತ್ರ ಟ್ರೈಲರ್ ಕಂಡು ಹಬ್ಬವೇ ಆಯಿತು. ನಾಲ್ಕು ದಿನಕ್ಕೆ ಆಯುಧಪೂಜೆ ಬೇರೆ. ಅವನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ನಡೆದ ಪದ್ಧತಿ ಏನೆಂದರೆ, ಪೂಜೆಗೆ ಮುಂಚೆ ಲೇತಿನಿಂದ ಹಿಡಿದು ಗಾಳಿ ಹೊಡೆಯುವ ಪಂಪಿನವರೆಗೆ ಎಲ್ಲವನ್ನೂ ಕೆರೆದು, ಉಜ್ಜಿ, ಹೊಸ ಬಣ್ಣ ಬಳಿಯಬೇಕು. ತುಕ್ಕು ಇಟ್ಟುಕೊಂಡು ಪೂಜೆ ಮಾಡುವುದೆಂದರೆ ಸ್ನಾನವಿಲ್ಲದೆ ದೇವರ ಮುಂದೆ ಕೂತಂತೆ ಎಂದು ಅವನ ನಂಬಿಕೆ. ಮೂರು ದಿನ ಗ್ಯಾರೇಜಿನಿಂದ ಗ್ರೈಂಡರಿನ ಸದ್ದು. ಮುರಿದ ಪಟ್ಟಿಗಳನ್ನು ಬದಲಾಯಿಸಿದ, ಸಡಿಲವಾದ ಕಡೆ ವೆಲ್ಡ್ ಮಾಡಿದ, ಬ್ರಶ್ಶು ಹಾಕಿ ಉಜ್ಜಿದ, ಪ್ರೈಮರ್ ಹೊಡೆದ, ಅದರ ಮೇಲೆ ಎರಡು ಕೋಟು ನವಿಲುಹಸಿರು. ಅಂಚಿಗೆ ಹಳದಿ ಗೆರೆ. ನಿಜ ಹೇಳಬೇಕೆಂದರೆ, ಅಂಥ ಚೆಂದದ ಟ್ರೈಲರ್ ಇಡೀ ಅಲೆನ್‌ನಲ್ಲಿ ಇನ್ನೊಂದಿರಲಿಲ್ಲ.

ಪೂಜೆಯ ದಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟರು, ಕುಂಕುಮ ಹಾಕಿ ಬೂದುಗುಂಬಳ ಒಡೆದರು. ಎದುರು ಮನೆಯ ಅಮೆರಿಕನ್ ಮುದುಕ ನಾಯಿ ಹಿಡಿದುಕೊಂಡು ಅರ್ಧ ಗಂಟೆ ನಿಂತು ನೋಡಿದ. ರಾಜಲಕ್ಷ್ಮಿಯೇ ಅವನಿಗೆ ಕೈತುಂಬ ಕಡಲೆಕಾಳು ಉಸಲಿ ಕೊಟ್ಟು ಬಂದರು. "ಕೈ ಚೆನ್ನಾಗಿದೆ ಬೀಗರೇ ನಿಮ್ಮದು" ಎಂದೂ ಅಂದರು. ವೆಂಕಣ್ಣ ಆ ದಿನ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡ.

ಮರುವಾರ ತುಳಸಿ ಕೌಂಟಿ ಕಚೇರಿಗೆ ಹೊರಟಳು. ದರ್ಶನ್‌ಗೆ ಪಕ್ಕದೂರು ಪ್ಲೇನೋದಲ್ಲಿ ಮೀಟಿಂಗ್. "ನಾನೂ ಬರ್ತೀನಿ, ಮನೇಲಿ ಕೂತು ಏನು ಮಾಡ್ಲಿ" ಎಂದು ರಾಜಲಕ್ಷ್ಮಿ ಸೀರೆ ಬದಲಿಸಿ, ಕೈಚೀಲ ಹಿಡಿದು ಕಾರು ಹತ್ತಿದರು.

ಟೋಕನ್ ತೆಗೆದುಕೊಂಡು ಕೂತರು. ಮೂವತ್ತೊಂದು ವರ್ಷ ಕೌಂಟರಿನ ಆ ಕಡೆ ಕೂತವರು ಮೊದಲ ಸಲ ಈ ಕಡೆ ಕೂತಿದ್ದರು. ಸುತ್ತ ನೋಡಿಯೇ ನೋಡಿದರು. "ಕೆಂಪು ಬಟ್ಟೆ ಕಟ್ಟಿನ ಒಂದು ಫೈಲೂ ಇಲ್ಲ. ಏಜೆಂಟ್ರೂ ಇಲ್ಲ. ಆದ್ರೆ ಆ ಮೂರನೇ ಕೌಂಟರಿನ ಹೆಂಗಸು ಇದಾಳಲ್ಲ, ಅವಳು ಕೆಲಸದವಳು. ನೋಡು, ಪ್ರತಿ ಕಾಗದಾನೂ ತಿರುಗಿಸಿ ಹಿಂಬದಿ ನೋಡ್ತಾಳೆ."

ಸಿಕ್ಕಿದ್ದು ಅದೇ ಮೂರನೇ ಕೌಂಟರು. ಹೆಸರು ಗ್ಲೋರಿಯಾ, ಬಿಳಿ ಕೂದಲು, ಸರಪಳಿಗೆ ಕಟ್ಟಿದ ಕನ್ನಡಕ. ತುಳಸಿ ಫೋನಿನಲ್ಲಿದ್ದ ಟ್ರೈಲರಿನ ಚಿತ್ರ ತೋರಿಸಿದಳು. "ಎಷ್ಟು ಚೆನ್ನಾಗಿದೆ!" ಎಂದಳು ಗ್ಲೋರಿಯಾ. "ಕಾರ್ಖಾನೆಯ ಸೀರಿಯಲ್ ನಂಬರ್ ಎಷ್ಟು? ಮುಂದಿನ ತೊಲೆಯ ಮೇಲೆ ಸಣ್ಣ ಲೋಹದ ತಗಡು ಇರತ್ತಲ್ಲ, ಅದರಲ್ಲಿ ಬರೆದಿರತ್ತೆ."

ತುಳಸಿ ಚಿತ್ರವನ್ನು ದೊಡ್ಡದು ಮಾಡಿ ಹುಡುಕಿದಳು. ಮುಂದಿನ ತೊಲೆ ನುಣ್ಣಗೆ ನವಿಲುಹಸಿರಾಗಿ ಹೊಳೆಯುತ್ತಿತ್ತು. ತಗಡೂ ಇಲ್ಲ, ಮಣ್ಣೂ ಇಲ್ಲ.

"ನಂಬರ್ ಇತ್ತು, ತೆಗೆದಿದ್ದಾರೆ ಅಂದ್ರೆ ನಾನು ಹಾಗೇ ಮಾಡಿಕೊಡೋಕೆ ಆಗಲ್ಲಮ್ಮ," ಎಂದಳು ಗ್ಲೋರಿಯಾ ಮೆಲ್ಲಗೆ. "ಕದ್ದ ಗಾಡಿಗಳಲ್ಲೇ ನಂಬರ್ ತೆಗೆಯೋದು. ವಾಹನ ಕಳವು ನೋಡೋ ಪೊಲೀಸ್ ಅಧಿಕಾರಿ ಪರೀಕ್ಷೆ ಮಾಡಿ ಬರೆದುಕೊಡಬೇಕು. ಮಾರಿದವರ ಸಹಿ ಇರೋ ಅರ್ಜಿಯೂ ಬೇಕು."

ತುಳಸಿಯನ್ನು ಪಕ್ಕಕ್ಕೆ ಸರಿಸಿ ರಾಜಲಕ್ಷ್ಮಿ ಮುಂದೆ ಬಂದರು. ಅವರದು ಕಚೇರಿಯ ಇಂಗ್ಲಿಷು, ಪತ್ರ ಓದಿದ ಹಾಗೆ ಇರುತ್ತದೆ. "ಮೇಡಂ, ಬೇಕಾದ ಎಲ್ಲ ದಾಖಲೆಗಳ ಪಟ್ಟಿಯನ್ನು ದಯವಿಟ್ಟು ಬರೆದುಕೊಡಿ. ಒಂದೂ ಬಿಡಬೇಡಿ." ಗ್ಲೋರಿಯಾ ಬರೆದುಕೊಟ್ಟಳು. ರಾಜಲಕ್ಷ್ಮಿ ಆ ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದರು. ಗ್ಲೋರಿಯಾ ಕನ್ನಡಕದ ಮೇಲಿನಿಂದ ನಕ್ಕಳು.

ಮನೆಗೆ ಬಂದದ್ದೇ ತಡ, ಅಡುಗೆಮನೆ ರಣರಂಗವಾಯಿತು.

"ತಗಡು? ಹೌದ್ರೀ, ಇತ್ತು. ತುಕ್ಕು ಹಿಡದು ಜೋತಾಡಕತ್ತಿತ್ತು. ರಿವೆಟ್ ಹಾರ್ಸಿ ಕಿತ್ತ ಒಗದ್ನಿರಿ," ಎಂದ ವೆಂಕಣ್ಣ.

"ಒಗೆದ್ರಾ? ಎಲ್ಲಿಗೆ?"

"ಕಸಕ್ಕ. ಗುರುವಾರ ಗಾಡಿ ಬಂದು ಒಯ್ದಿಲ್ಲೇನ್ರಿ?"

"ಅಯ್ಯೋ ಶಿವನೇ! ಗಾಡಿಗೆ ಅದು ಜಾತಕ ಇದ್ದ ಹಾಗೆ ಬೀಗರೇ! ಬಸ್ ವರ್ಕ್‌ಶಾಪಲ್ಲಿ ಮೂವತ್ತು ವರ್ಷ ಏನು ಮಾಡಿದ್ರಿ?"

"ವೆಲ್ಡಿಂಗ್ ಮಾಡಿದ್ನಿರಿ! ಕಾಗದ ನೋಡಾಕ ನಿಮ್ಮಂಥಾವ್ರು ಇದ್ರು. ಖುರ್ಚಿ ಮ್ಯಾಲೆ ಕುಂತು, ಅದಿಲ್ಲ ಇದಿಲ್ಲ ಅಂತ ಮಂದೀನ ತಿರಗ್ಯಾಡಸವ್ರು!"

"ನಾನು ಯಾರನ್ನೂ ಸುಮ್ಮಸುಮ್ಮನೆ ತಿರುಗಾಡಿಸಿದವಳಲ್ಲ!"

"ಅತ್ತೆ, ಅಪ್ಪಾ, ಸಾಕು ಮಾಡ್ರಿ!" ಎಂದು ಕೂಗಿದಳು ತುಳಸಿ. ದಿಯಾ ಮೆಟ್ಟಿಲ ಮೇಲೆ ನಿಂತು "ಗೈಸ್, ಪ್ಲೀಸ್" ಎಂದಳು. ವೆಂಕಣ್ಣ ಎದ್ದು ತನ್ನ ಕೋಣೆಗೆ ಹೋದವನು ಊಟಕ್ಕೆ ಬರಲಿಲ್ಲ. ಮರುದಿನವೂ ಮೊಸರನ್ನ ಮಾತ್ರ ಕೋಣೆಗೇ ತರಿಸಿಕೊಂಡ. "ಟಿಕೆಟ್ ತಗಸವಾ. ನಾ ಊರಿಗಿ ಹೋಗ್ತೇನಿ. ನಿನ್ನ ಬದುಕು ಕಟ್ಟಾಕ ಬಂದು ಕೆಡಿಸಿಬಿಟ್ಟೆ" ಎಂದ ಮಗಳಿಗೆ. ಅಪ್ಪನ ಕಣ್ಣಲ್ಲಿ ನೀರು ಕಂಡು ತುಳಸಿಯೂ ಅತ್ತಳು.

ದರ್ಶನ್ ಲ್ಯಾಪ್‌ಟಾಪ್ ಹಿಡಿದು ಒಂದು ದಾರಿ ಹುಡುಕಿದ. "ಅಮ್ಮ, ಮನೇಲೇ ಮಾಡಿದ ಟ್ರೈಲರ್‌ಗೆ ಬೇರೆ ರೂಲ್ ಇದೆ. ಹೊಸ ನಂಬರ್ ಅವರೇ ಕೊಡ್ತಾರೆ. ಅರ್ಧಕ್ಕರ್ಧ ಮಾವನೇ ವೆಲ್ಡ್ ಮಾಡಿದಾರಲ್ಲ, ಅವರೇ ಮಾಡಿದ್ದು ಅಂತ ಡಿಕ್ಲೇರ್ ಮಾಡಿಬಿಡೋಣ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತೆ," ಎಂದರು ರಾಜಲಕ್ಷ್ಮಿ.

"ಅಮ್ಮಾ, ಟೈಮ್ ಇಲ್ಲ. ಇವತ್ತಾಗಲೇ ಹದಿನಾಲ್ಕು."

"ಕೇಳೋ. ಸುಳ್ಳು ಬರೆದು ಸೈನ್ ಮಾಡಿದ ಅರ್ಜಿ ಎಷ್ಟು ಬಂದಿವೆ ಗೊತ್ತಾ ನನ್ನ ಟೇಬಲ್ಲಿಗೆ? ಎಲ್ಲರೂ ಹೀಗೇ ಅಂತಿದ್ರು, ಮೇಡಂ, ಯಾರಿಗೆ ಗೊತ್ತಾಗತ್ತೆ ಅಂತ. ಒಂದಕ್ಕೂ ನಾನು ಸೀಲ್ ಹಾಕಿಲ್ಲ. ಈ ವಯಸ್ಸಲ್ಲಿ, ಪರದೇಶದಲ್ಲಿ, ಬೀಗರ ಕೈಲಿ ಸುಳ್ಳಿಗೆ ಸೈನ್ ಮಾಡಿಸ್ತೀಯಾ? ನಾಚಿಕೆ ಆಗಲ್ವಾ?"

ದರ್ಶನ್ ಲ್ಯಾಪ್‌ಟಾಪ್ ಮುಚ್ಚಿದ. ತುಳಸಿಗೆ ಒಳಗೊಳಗೇ ಹೆಮ್ಮೆಯಾಯಿತು. ಅತ್ತೆಯ ನೇರ ನಡೆ ಸರಿಯೇ, ಆದರೆ ಅದರ ಬೆಲೆಯನ್ನು ತಾನು ಆಸ್ಟಿನ್‌ನಲ್ಲಿ ಕೊಡಬೇಕಾಗುತ್ತದಲ್ಲ ಎಂದು ಅವಳಿಗೆ ಸಿಟ್ಟೂ ಬಂತು. ಅಂದು ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿದಳು. ಅತ್ತೆ ಅದನ್ನೇ ಉಂಡು ಎದ್ದರು.

ಮರುದಿನ ಬೆಳಿಗ್ಗೆ ಒಂದು ವಿಚಿತ್ರ ನಡೆಯಿತು. ಅಡುಗೆಮನೆಯಿಂದ ತಟತಟ ಸದ್ದು ಬಂತೆಂದು ತುಳಸಿ ಇಳಿದು ಬಂದರೆ, ಅತ್ತೆ ರೊಟ್ಟಿ ಬಡಿಯುತ್ತಿದ್ದಾರೆ! ಜನ್ಮದಲ್ಲಿ ಬಡಿದವರಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಗಡಿರೇಖೆ ತಪ್ಪಿದ ದೇಶದ ನಕ್ಷೆಯ ಹಾಗಿತ್ತು. ಅದನ್ನೇ ತಟ್ಟೆಗಿಟ್ಟು, ಮೇಲೆ ಬೆಣ್ಣೆ, ಪಕ್ಕಕ್ಕೆ ಶೇಂಗಾ ಚಟ್ನಿ ಹಾಕಿಕೊಂಡು ಬೀಗರ ಕೋಣೆಯ ಬಾಗಿಲು ತಟ್ಟಿದರು.

"ಬೀಗರೇ, ನಾನು ಬಾಯಿಗೆ ಬಂದಹಾಗೆ ಆಡಿಬಿಟ್ಟೆ. ತಪ್ಪಾಯ್ತು. ಇದನ್ನ ತಿಂದು ಗ್ಯಾರೇಜಿಗೆ ಬನ್ನಿ. ನಿಮ್ಮ ಕೈ ಬೇಕು ನನಗೆ."

ವೆಂಕಣ್ಣ ತಟ್ಟೆಯನ್ನೂ ಬೀಗತಿಯನ್ನೂ ನೋಡಿದ. "ಇದು ರೊಟ್ಟಿ ಏನ್ರಿ?"

"ಹೌದು. ಯಾಕೆ?"

"ಏನಿಲ್ರಿ. ಭಾಳ ಚಲೋ ಆಗೇತಿ," ಎಂದು ಪೂರ್ತಿ ತಿಂದ ಪುಣ್ಯಾತ್ಮ.

ಗ್ಯಾರೇಜಿನಲ್ಲಿ ರಾಜಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ನಿಂತರು. "ನಮ್ಮ ಕಡೆ ಲಾರಿಗೆ ತಗಡಿನ ಮೇಲೆ ಒಂದು ನಂಬರ್ ಇರತ್ತೆ, ಚಾಸಿ ಕಬ್ಬಿಣಕ್ಕೇ ಗುದ್ದಿದ್ದು ಇನ್ನೊಂದು ಇರತ್ತೆ. ತಗಡು ಹೋದ್ರೂ ಅದು ಹೋಗಲ್ಲ. ಈ ಗಾಡಿ ಮಾಡಿದವನೂ ಎಲ್ಲೋ ಒಂದು ಕಡೆ ಗುದ್ದಿರ್ತಾನೆ. ನಿಮ್ಮ ಬಣ್ಣದ ಕೆಳಗಿದೆ. ಎಲ್ಲೆಲ್ಲಿ ಗ್ರೈಂಡರ್ ಹಾಕಿದ್ರಿ, ಎಲ್ಲೆಲ್ಲಿ ಬರೀ ಬ್ರಶ್ಶು?"

ವೆಂಕಣ್ಣನ ಮುಖ ಅರಳಿತು. ನೆಲಕ್ಕೆ ಕೂತು, ಕಣ್ಣು ಮುಚ್ಚಿ, ಕಬ್ಬಿಣದ ಮೇಲೆ ಬೆರಳು ಆಡಿಸುತ್ತಾ ಹೋದ. ಎಡ ತೊಲೆ, ಅಡ್ಡಪಟ್ಟಿ, ಬಲ ತೊಲೆ. ಒಂದು ಗಂಟೆಯಾಯಿತು. ಬಲ ತೊಲೆಯ ಒಳಮೈಯಲ್ಲಿ ಅವನ ಬೆರಳು ನಿಂತಿತು.

"ಐತ್ರೀ!" ಎಂದ. "ಬೆರಳಿಗಿ ಹತ್ತಕತ್ತೇತಿ. ಸಣ್ಣ ಸಣ್ಣ ತಗ್ಗು!"

ಬಣ್ಣ ಕರಗಿಸುವ ಥಿನ್ನರ್ ಹಾಕಿ, ಹಳೆ ಬನಿಯನ್ನಿನ ತುಂಡಿನಲ್ಲಿ ಮೆತ್ತಗೆ ಒರೆಸಿದ. ನವಿಲುಹಸಿರು ಹೋಗಿ ಪ್ರೈಮರ್ ಬಂತು, ಪ್ರೈಮರ್ ಹೋಗಿ ಕಬ್ಬಿಣ ಬಂತು. ಆದರೆ ಕಣ್ಣಿಗೆ ಏನೂ ಸರಿಯಾಗಿ ಕಾಣದು, ಅಷ್ಟು ಸವೆದಿತ್ತು. ತುಳಸಿ ಫೋನಿನ ಟಾರ್ಚ್ ಹಿಡಿದು ಫೋಟೋ ತೆಗೆದಳು, ಬರೀ ಹೊಳಪು ಬಂತು.

"ಸರಿ, ಜಾಗ ಬಿಡಿ," ಎಂದರು ರಾಜಲಕ್ಷ್ಮಿ. ಅಡುಗೆಮನೆಯಿಂದ ಬಟರ್ ಪೇಪರ್ ಹರಿದು ತಂದರು, ದಿಯಾಳ ಚಿತ್ರ ಬರೆಯುವ ಮೆತ್ತನೆಯ ಪೆನ್ಸಿಲ್ ತಂದರು. ಅರವತ್ತೇಳರ ಮಂಡಿ ಲೊಟಲೊಟ ಎನ್ನುತ್ತಿದ್ದರೂ ಕಾಂಕ್ರೀಟಿನ ಮೇಲೆ ಬಗ್ಗಿ ಮಲಗಿದರು. ಕಾಗದವನ್ನು ತೊಲೆಗೆ ಒತ್ತಿ ಹಿಡಿದು ಪೆನ್ಸಿಲನ್ನು ಓರೆಯಾಗಿಸಿ ತಿಕ್ಕತೊಡಗಿದರು. ಅವಸರವಿಲ್ಲ, ಒತ್ತಡವಿಲ್ಲ. ಕಪ್ಪನೆಯ ನಡುವೆ ಬೆಳ್ಳಗೆ ಒಂದು ಅಂಕಿ ಎದ್ದಿತು. ಇನ್ನೊಂದು. ಮತ್ತೊಂದು. ಕೊನೆಗೆ ನಂಬರಿನ ಹದಿನೇಳು ಅಕ್ಷರ-ಅಂಕಿಗಳೂ ಎದ್ದವು.

"ಚಾಸಿ ಪ್ರಿಂಟ್ ಅಂತಾರೆ ಇದಕ್ಕೆ," ಎಂದರು ಮಲಗಿಕೊಂಡೇ. "ಒಂದೊಂದು ಅರ್ಜಿಗೂ ಇದು ಅಂಟಿಸಿರಬೇಕು. ಇನ್‌ಸ್ಪೆಕ್ಟರ್ ರಜ ಹಾಕಿದ್ರೆ ನಾನೇ ಲಾರಿ ಕೆಳಗೆ ನುಗ್ಗಿ ತೆಗೀತಿದ್ದೆ. ಹೆಂಗಸು ಅಂತ ಡ್ರೈವರುಗಳು ನಗ್ತಿದ್ರು. ಈಗ ಎಬ್ಬಿಸಿ ನನ್ನ, ಸೊಂಟ ಹಿಡ್ಕೊಂಡಿದೆ."

ಒಂದು ಕಡೆಯಿಂದ ಸೊಸೆ, ಇನ್ನೊಂದು ಕಡೆಯಿಂದ ಬೀಗರು ಹಿಡಿದೆತ್ತಿದರು. ವೆಂಕಣ್ಣ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. "ಬೀಗತ್ಯಾರ, ನಾ ಅವತ್ತ ಅಂದಿದ್ದು ತಪ್ಪಾತ್ರಿ. ಬರೇ ಖುರ್ಚಿ ಮ್ಯಾಲೆ ಕುಂತ ಕೈ ಅಲ್ರೀ ಇದು," ಎಂದ. ತುಳಸಿಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ, ಬಿಸಿನೀರಿನ ಚೀಲ ತಂದು ಸೊಂಟಕ್ಕೆ ಇಟ್ಟಳು, ಆ ದಿನದ ಸಾರನ್ನು ಮನಸಿಟ್ಟು ಮಾಡಿದಳು.

ಶನಿವಾರ ರಾಜಲಕ್ಷ್ಮಿ ಮಗನನ್ನು ಎಬ್ಬಿಸಿ ಕಾರು ಹತ್ತಿಸಿದರು. "ಕಾಗದ ಕೇಳದೆ ಗಾಡಿ ಕೊಂಡವನು ನೀನು. ನೀನೇ ನಡಿ." ತುಳಸಿ ಮಂಟಪದ ಬಟ್ಟೆ ಹೊಲಿಯುತ್ತಾ ಮನೆಯಲ್ಲಿ ಉಳಿದಳು. ಒಂದು ಗಂಟೆ ದೂರದ ವೇಡ್‌ನ ಹೊಲದಲ್ಲಿ ದರ್ಶನ್ ಹಸುಗಳ ಫೋಟೋ ತೆಗೆಯುತ್ತಿದ್ದಾಗ, ಅವನ ತಾಯಿ ವೇಡ್‌ನ ಊಟದ ಮೇಜಿನಲ್ಲಿ ಕೂತು ಅರ್ಜಿ ತುಂಬಿ ಸಹಿ ಹಾಕಿಸಿದರಂತೆ. ವೇಡ್‌ನ ಹೆಂಡತಿ ಡ್ರಾಯರು ಜಾಲಾಡಿ ಹೋದ ವರ್ಷದ ರಿಜಿಸ್ಟ್ರೇಷನ್ ರಸೀದಿ ಹುಡುಕಿಕೊಟ್ಟಳಂತೆ. ಅದರ ಮೇಲಿದ್ದ ನಂಬರೂ ಬಟರ್ ಪೇಪರಿನ ನಂಬರೂ ಅಚ್ಚೊತ್ತಿದಂತೆ ಒಂದೇ ಆಗಿತ್ತು.

ಪೊಲೀಸ್ ಅಧಿಕಾರಿಗೆ ಬಿಡುವಾಗಿದ್ದು ಇಪ್ಪತ್ತೆಂಟಕ್ಕೆ. ಆ ಹತ್ತು ದಿನ ತುಳಸಿ ಹೇಗೆ ಕಳೆದಳೋ ಅವಳಿಗೇ ಗೊತ್ತು. ಆಸ್ಟಿನ್‌ನವರು ಎರಡು ಸಲ ಮೇಲ್ ಮಾಡಿದರು. ದರ್ಶನ್ ದಿನಾ ಕ್ಯಾಲೆಂಡರಿನ ಮುಂದೆ ನಿಂತು ಕಾಫಿ ಕುಡಿದ. ಕೊನೆಗೂ ಅಧಿಕಾರಿ ಮನೆಗೇ ಬಂದ, ಆರೂವರೆ ಅಡಿ ಆಳು. ಮಲಗಿ ಟಾರ್ಚ್ ಬಿಟ್ಟು ನೋಡಿದ, ರಾಜಲಕ್ಷ್ಮಿ ಕೊಟ್ಟ ಕಾಗದ ನೋಡಿದ, ರಸೀದಿ ನೋಡಿದ, ಕಂಪ್ಯೂಟರಿನಲ್ಲಿ ಹುಡುಕಿದ. ತಗಡು ಯಾಕೆ ಕಿತ್ತಿರಿ ಎಂದು ಕೇಳಿದ. ವೆಂಕಣ್ಣ ಆಯುಧಪೂಜೆಯನ್ನು ಕನ್ನಡದಲ್ಲೂ ಕೈಸನ್ನೆಯಲ್ಲೂ ವಿವರಿಸಿದ, ದಿಯಾ ಅದನ್ನು ಇಂಗ್ಲಿಷಿಗೆ ತಂದಳು: "ಇಟ್ಸ್ ಲೈಕ್ ಎ ಬರ್ತ್‌ಡೇ ಫಾರ್ ಟೂಲ್ಸ್, ಸರ್." ಅಧಿಕಾರಿ ನಕ್ಕು, ಬರೆದುಕೊಟ್ಟು, ಈ ಪೆನ್ಸಿಲ್ ಕೆಲಸ ಯಾರದು ಎಂದು ವಿಚಾರಿಸಿ ರಾಜಲಕ್ಷ್ಮಿಯ ಕೈ ಕುಲುಕಿ ಹೋದ.

ಮೂವತ್ತನೇ ತಾರೀಕು, ಗುರುವಾರ. ಮತ್ತೆ ಅದೇ ಕಚೇರಿ, ಮೂರನೇ ಕೌಂಟರಿಗಾಗಿ ಎರಡು ಟೋಕನ್ ಬಿಟ್ಟುಕೊಟ್ಟು ಕಾದರು. ರಾಜಲಕ್ಷ್ಮಿ ಚೀಲದಿಂದ ಫೈಲು ತೆಗೆದು ಒಂದೊಂದೇ ಕಾಗದ ಮುಂದಿಟ್ಟರು: ಅಧಿಕಾರಿಯ ಪತ್ರ, ಹಳೆ ರಸೀದಿ, ಟ್ರೈಲರಿನ ಚಿತ್ರಗಳು, ಪ್ರತಿಯೊಂದಕ್ಕೂ ಎರಡೆರಡು ನಕಲು. ಬಟರ್ ಪೇಪರನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದರು. ಗ್ಲೋರಿಯಾ ಪಕ್ಕದ ಕೌಂಟರಿನವಳನ್ನು ಕರೆದು ತೋರಿಸಿದಳು. "ಇಪ್ಪತ್ತೆರಡು ವರ್ಷದಲ್ಲಿ ಇಂಥ ಅರ್ಜಿ ನೋಡಿಲ್ಲ. ನೀವು ಯಾರು ಮೇಡಂ?"

"ಐ ಆಮ್ ಫ್ರಂ ದಿ ಡಿಪಾರ್ಟ್‌ಮೆಂಟ್," ಎಂದರು ರಾಜಲಕ್ಷ್ಮಿ, ಬೆನ್ನು ನೆಟ್ಟಗೆ ಮಾಡಿ.

ಕೊನೆಗೆ ವೇಡ್ ಸಹಿ ಮಾಡಿದ ಅರ್ಜಿಯನ್ನು ತುಳಸಿಯ ಮುಂದೆ ಇಟ್ಟು ಪೆನ್ನು ಕೊಟ್ಟರು. "ಇಲ್ಲಿ ಸೈನ್ ಹಾಕು."

ತುಳಸಿ ನೋಡಿದಳು. ಮಾಲೀಕರ ಹೆಸರಿನ ಜಾಗದಲ್ಲಿ ಅತ್ತೆಯ ದುಂಡನೆಯ ಅಕ್ಷರದಲ್ಲಿ ಅವಳ ಹೆಸರಿತ್ತು. ಅವಳದೊಂದೇ.

"ಅತ್ತೆ, ದರ್ಶನ್ ಹೆಸರು? ವೇಡ್ ಹತ್ರ ಮಾತಾಡಿ ಕೊಂಡಿದ್ದು ಅವನಲ್ವಾ?"

"ದುಡ್ಡು ನಿನ್ನದು, ವ್ಯಾಪಾರ ನಿನ್ನದು, ಎಳ್ಕೊಂಡು ಹೋಗೋಳು ನೀನು. ಮಾಲೀಕರು ಅಂತ ಬೇರೆಯವರ ಹೆಸರು ಬರೆದ್ರೆ ಅದೂ ಸುಳ್ಳು ಅರ್ಜಿನೇ." ರಾಜಲಕ್ಷ್ಮಿ ಫೈಲು ಮುಚ್ಚಿದರು. ಆಮೇಲೆ ಸಣ್ಣ ದನಿಯಲ್ಲಿ ಅಂದರು: "ನನ್ನ ಸಂಬಳದಲ್ಲಿ ಒಂದು ಸ್ಕೂಟರ್ ತಗೊಂಡಿದ್ದೆ ಕಣೆ. ಹತ್ತೊಂಬತ್ತು ವರ್ಷ ಓಡಿಸಿದೆ. ನಿಮ್ಮ ಮಾವಂಗೆ ಸೈಕಲ್ ಕೂಡ ಬರ್ತಿರ್ಲಿಲ್ಲ. ಆದ್ರೆ ಆರ್‌ಸಿ ಅವರ ಹೆಸರಲ್ಲೇ. ನಾನೇ, ನನ್ನ ಕೈಯಾರೆ, ನನ್ನ ಟೇಬಲ್ಲಲ್ಲೇ ಕೂತು ರಿಜಿಸ್ಟರಿನಲ್ಲಿ ಅವರ ಹೆಸರು ಬರೆದೆ. ಅವರು ಬರಿ ಅಂತ ಹೇಳಲೂ ಇಲ್ಲ. ನನ್ನ ಹೆಸರು ಬರೀಬಹುದು ಅಂತ ನನಗೇ ಹೊಳೀಲಿಲ್ಲ. ಮೂವತ್ತೊಂದು ವರ್ಷದ ಸರ್ವೀಸ್‌ನಲ್ಲಿ ನಾನು ಬರೆದ ತಪ್ಪು ಎಂಟ್ರಿ ಅಂದ್ರೆ ಅದೊಂದೇ. ಸೈನ್ ಹಾಕು, ಆ ಹೆಂಗಸು ಕಾಯ್ತಿದಾಳೆ."

ತುಳಸಿಯ ಕಣ್ಣು ಮಂಜಾಗಿ ಗೆರೆ ಕಾಣಲಿಲ್ಲ. ಅತ್ತೆ ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದಳು. ಗ್ಲೋರಿಯಾ ಹೊಸ ನಂಬರ್ ಪ್ಲೇಟನ್ನು ಕೌಂಟರಿನ ಮೇಲೆ ಜಾರಿಸಿದಳು. ರಾಜಲಕ್ಷ್ಮಿ ಅದನ್ನೂ ತಿರುಗಿಸಿ ಹಿಂಬದಿ ನೋಡಿಯೇ ತೆಗೆದುಕೊಂಡರು.

ಕಚೇರಿಯ ಹೊರಗೆ ಬಂದು ಕಾರಿನಲ್ಲಿ ಕೂತು ತುಳಸಿ ಆಸ್ಟಿನ್‌ಗೆ ಮೂರು ಸಾಲಿನ ಮೇಲ್ ಬರೆದಳು. ಅತ್ತೆಗೆ ಓದಿ ಹೇಳಿದಳು. "ಧನ್ಯವಾದ ಅಂತ ಕೊನೇಲಿ ಸೇರಿಸು, ಮರ್ಯಾದೆ" ಎಂದರು ಅವರು. ಸೇರಿಸಿ ಕಳಿಸಿದಳು. ಅಷ್ಟರಲ್ಲಿ ದರ್ಶನ್ ಫೋನು ಬಂತು.

"ಏನಾಯ್ತು? ಆಸ್ಟಿನ್‌ಗೆ ಏನು ಹೇಳ್ತೀಯ?"

"ಹೇಳಿ ಆಯ್ತು. ಬರಲ್ಲ ಅಂದೆ. ಪ್ಲೇಟ್ ಕೈಯಲ್ಲಿದೆ." ತುಳಸಿ ಒಮ್ಮೆ ಅತ್ತೆಯ ಕಡೆ ನೋಡಿದಳು. "ಟ್ರೈಲರ್ ನನ್ನ ಹೆಸರಿಗೆ ಆಗಿದೆ ದರ್ಶನ್. ನನ್ನೊಬ್ಬಳ ಹೆಸರಿಗೆ."

ರಾಜಲಕ್ಷ್ಮಿ ಕಿಟಕಿಯ ಆಚೆ ನೋಡುತ್ತಿದ್ದರು, ಆದರೆ ಕಿವಿ ಮಾತ್ರ ಇಲ್ಲೇ ಇತ್ತು.

"ಮುಂದಿನ ಶುಕ್ರವಾರ ಕ್ಲಿಯರ್ ಲೇಕ್‌ಗೆ ಹೊರಡ್ತೀನಿ," ಎಂದಳು ತುಳಸಿ. "ನೀನು ಬಂದ್ರೆ ಸಂತೋಷ. ಬರದಿದ್ರೆ ಅಪ್ಪನ್ನ ಕರ್ಕೊಂಡು ನಾನೇ ಡ್ರೈವ್ ಮಾಡ್ಕೊಂಡು ಹೋಗ್ತೀನಿ."

"ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡ್ಬೇಕು ಹೇಳು," ಎಂದ ದರ್ಶನ್. "ರಜ ಹಾಕ್ತೀನಿ."